ಸಿ ಭಾಷೆಯಲ್ಲಿ ವಿಶಾಲ ಅಕ್ಷರಗಳ ವರ್ಗೀಕರಣ

ವಿಶಾಲ ಅಕ್ಷರಗಳ ವರ್ಗೀಕರಣ ಎಂದರೆ ಸಿ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ವೈಡ್ ಕ್ಯಾರೆಕ್ಟರ್ ಅಕ್ಷರವೋ, ಅಂಕಿಯೋ, ಖಾಲಿ ಜಾಗವೋ, ಲೇಖನ ಚಿಹ್ನೆಯೋ ಎಂಬುದನ್ನು ನಿರ್ಧರಿಸುವ ಕ್ರಮ. ಇದಕ್ಕೆ ಬೇಕಾದ ಫಂಕ್ಷನ್‌ಗಳು ಡಬ್ಲ್ಯೂಸಿಟೈಪ್.ಎಚ್ ಎಂಬ ಹೆಡರ್ ಕಡತದಲ್ಲಿವೆ. 1990ರ ಐಎಸ್ಒ ಮಾನಕಕ್ಕೆ 1995ರಲ್ಲಿ ಬಂದ ತಿದ್ದುಪಡಿಯ ಮೂಲಕ ಇವು ಭಾಷೆಯನ್ನು ಸೇರಿದವು.

ಹಿನ್ನೆಲೆ

ಸಿ ಭಾಷೆಯ ಹಳೆಯ ಐಎಸ್‌ಆಲ್ಫಾ ಮೊದಲಾದ ಫಂಕ್ಷನ್‌ಗಳು ಒಮ್ಮೆಗೆ ಒಂದು ಬೈಟನ್ನು ಮಾತ್ರ ಪರಿಶೀಲಿಸುತ್ತವೆ. ಇಂಗ್ಲಿಷಿಗೆ ಅಷ್ಟು ಸಾಕು. ಆದರೆ ಯುಟಿಎಫ್-8 ಕ್ರಮದಲ್ಲಿ 'ಕ' ಎಂಬ ಒಂದೇ ಅಕ್ಷರ 3 ಬೈಟ್‌ಗಳನ್ನು ಆಕ್ರಮಿಸುತ್ತದೆ. ಅವುಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಿದರೆ ಅರ್ಥವುಳ್ಳ ಉತ್ತರ ದೊರೆಯದು. ವಿಶಾಲ ಅಕ್ಷರದ ಅಳತೆ ಲಿನಕ್ಸ್‌ನಲ್ಲಿ 32 ಬಿಟ್, ವಿಂಡೋಸ್‌ನಲ್ಲಿ 16 ಬಿಟ್. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ 3200ರಿಂದ 3327ರವರೆಗಿನ ಸಂಖ್ಯೆಗಳು ಎರಡರಲ್ಲೂ ಹಿಡಿಸುತ್ತವೆ.

ಕಾರ್ಯವಿಧಾನ

ಐಎಸ್‌ಡಬ್ಲ್ಯೂಆಲ್ಫಾ ಅಕ್ಷರವನ್ನೂ ಐಎಸ್‌ಡಬ್ಲ್ಯೂಡಿಜಿಟ್ ಅಂಕಿಯನ್ನೂ ಐಎಸ್‌ಡಬ್ಲ್ಯೂಸ್ಪೇಸ್ ಖಾಲಿ ಜಾಗವನ್ನೂ ಐಎಸ್‌ಡಬ್ಲ್ಯೂಪಂಕ್ಟ್ ಲೇಖನ ಚಿಹ್ನೆಯನ್ನೂ ಗುರುತಿಸುತ್ತವೆ. ಉತ್ತರ 'ಹೌದು' ಎಂದಾದರೆ ಸೊನ್ನೆಯಲ್ಲದ ಯಾವುದಾದರೂ ಸಂಖ್ಯೆ ಬರುತ್ತದೆ. ಅದು 1 ಆಗಿಯೇ ಇರಬೇಕೆಂಬ ನಿಯಮವಿಲ್ಲ; ವಿದ್ಯಾರ್ಥಿಗಳು 1ರೊಡನೆ ಹೋಲಿಸಿ ಎಡವುವುದುಂಟು.

ಉತ್ತರವು ಲೊಕೇಲ್ ಅನ್ನು, ಅಂದರೆ ಭಾಷಾ-ಪ್ರದೇಶದ ಹೊಂದಾಣಿಕೆಯನ್ನು, ಅವಲಂಬಿಸಿದೆ. ಪ್ರತಿಯೊಂದು ಪ್ರೋಗ್ರಾಮ್ 'ಸಿ' ಎಂಬ ಮೂಲ ಲೊಕೇಲ್‌ನಲ್ಲಿ ಆರಂಭವಾಗುತ್ತದೆ. ಸೆಟ್‌ಲೊಕೇಲ್ ಮೂಲಕ ಅದನ್ನು ಬದಲಿಸದಿದ್ದರೆ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಗ್ನೂ ಸಿ ಲೈಬ್ರರಿಯು 'ಕ'ವನ್ನು ಅಕ್ಷರವೆಂದೇ ಒಪ್ಪುವುದಿಲ್ಲ.

ಕನ್ನಡದಲ್ಲಿ

ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಆದ್ದರಿಂದ ಆ ಭೇದವನ್ನು ಕೇಳುವ ಎರಡು ಫಂಕ್ಷನ್‌ಗಳೂ ಕನ್ನಡದ ಅಕ್ಷರಕ್ಕೆ ಸೊನ್ನೆಯನ್ನೇ ಕೊಡುತ್ತವೆ. ಅಂಕಿಗಳ ಪಾಡು ಇನ್ನೂ ವಿಚಿತ್ರ. ಮಾನಕದ ಪ್ರಕಾರ ಐಎಸ್‌ಡಬ್ಲ್ಯೂಡಿಜಿಟ್ 0ಯಿಂದ 9ರವರೆಗಿನ ಹತ್ತು ಚಿಹ್ನೆಗಳನ್ನಷ್ಟೇ ಒಪ್ಪಬೇಕು. ೦, ೧, ೨ ಅದರ ಲೆಕ್ಕಕ್ಕೆ ಸೇರವು. ಹೀಗಾಗಿ ಗ್ನೂ ಸಿ ಲೈಬ್ರರಿಯು ಕನ್ನಡ ಅಂಕಿಗಳನ್ನು ಅಕ್ಷರಗಳ ಸಾಲಿಗೆ ಸೇರಿಸಿದೆ.

ಹೆಚ್ಚಿನ ತೊಡಕು ಒತ್ತಕ್ಷರಗಳದು. 'ಕನ್ನಡ' ಎಂಬ ಪದ ಓದುಗನಿಗೆ ಮೂರಕ್ಷರ. ಕಂಪ್ಯೂಟರಿಗೆ ಕ, ನ, ಹಲಂತ ಚಿಹ್ನೆ, ನ, ಡ ಎಂಬ ಐದು ವಿಶಾಲ ಅಕ್ಷರಗಳು. ಯೂನಿಕೋಡ್‌ನ ಗುಣಪಟ್ಟಿಯಲ್ಲಿ ಕಾಗುಣಿತದ ಸ್ವರಚಿಹ್ನೆಗಳಿಗೆ ಅಕ್ಷರದ ಸ್ಥಾನವಿದೆ, ಹಲಂತಕ್ಕಿಲ್ಲ. ಆ ಪಟ್ಟಿಯನ್ನೇ ಅನುಸರಿಸುವ ವ್ಯವಸ್ಥೆಯಲ್ಲಿ ಐಎಸ್‌ಡಬ್ಲ್ಯೂಆಲ್ಫಾ ಒಂದನ್ನೇ ನಂಬಿ ಪದಗಳನ್ನು ಬಿಡಿಸಿದರೆ 'ಕನ್ನಡ'ವು 'ಕನ' ಮತ್ತು 'ನಡ' ಎಂದು ಎರಡಾಗಿ ಒಡೆಯುತ್ತದೆ. ಪದಗಳನ್ನು ಎಣಿಸುವ, ಹುಡುಕುವ, ಕಾಗುಣಿತ ತಿದ್ದುವ ತಂತ್ರಾಂಶಗಳಲ್ಲಿ ಹಲಂತವನ್ನು ಪ್ರತ್ಯೇಕವಾಗಿ ಪರಿಶೀಲಿಸಿ ಪದದೊಳಗೇ ಉಳಿಸಿಕೊಳ್ಳಬೇಕು, ಇಲ್ಲವೇ ಐಸಿಯು ಲೈಬ್ರರಿಯ ಪದವಿಭಜನೆಯ ಸೌಲಭ್ಯವನ್ನು ಬಳಸಬೇಕು.