ಕವಾಟದ ಅಳತೆ

ಬೀದಿಯಲ್ಲಿ ಮಣ್ಣು ತೋಡುವ ಯಂತ್ರದ ಉಕ್ಕಿನ ತೋಳನ್ನು ನೀವು ನೋಡಿರಬಹುದು. ಅದನ್ನು ಎತ್ತಿ ಇಳಿಸುವುದು ಸಿಲಿಂಡರಿನೊಳಗೆ ಒತ್ತಡದಿಂದ ನುಗ್ಗುವ ಎಣ್ಣೆ. ಆ ಎಣ್ಣೆಗೆ ದಾರಿ ಬಿಡುವುದು ಕವಾಟ, ಅಂದರೆ ವಾಲ್ವು. ಈ ಕವಾಟ ಎಷ್ಟು ದೊಡ್ಡದಿರಬೇಕು?

ಪಂಪು ಕೊಡುವಷ್ಟು ಎಣ್ಣೆ ಹಾಯ್ದರೆ ಸಾಕೆಂದು ತೋರುವುದು ಸಹಜ. ಲೆಕ್ಕ ಹಾಕಿ ನೋಡೋಣ. ಸಿಲಿಂಡರಿನ ಒಳವ್ಯಾಸ 10 ಸೆಂಟಿಮೀಟರ್, ಪಿಸ್ಟನ್ ದಂಡದ ವ್ಯಾಸ 7 ಸೆಂಟಿಮೀಟರ್, ಚಲನೆ 1 ಮೀಟರ್ ಎನ್ನಿ. ದಂಡವು ಪೂರ್ತಿ ಹೊರಚಾಚಲು ಸುಮಾರು 7.85 ಲೀಟರ್ ಎಣ್ಣೆ ಬೇಕು. 10 ಸೆಕೆಂಡಿನಲ್ಲಿ ಚಾಚಬೇಕಾದರೆ ಪಂಪು ನಿಮಿಷಕ್ಕೆ 47 ಲೀಟರ್ ಒದಗಿಸಬೇಕು.

ಇನ್ನು ದಂಡವನ್ನು ಒಳಗೆಳೆಯುವಾಗ? ದಂಡವೇ ಜಾಗ ಹಿಡಿದಿರುವುದರಿಂದ ಆ ಬದಿ ತುಂಬಲು 4 ಲೀಟರ್ ಸಾಕು. ಸುಮಾರು 5 ಸೆಕೆಂಡಿನಲ್ಲೇ ಕೆಲಸ ಮುಗಿಯುತ್ತದೆ. ಆದರೆ ಅಷ್ಟರೊಳಗೆ ಇನ್ನೊಂದು ಬದಿಯ 7.85 ಲೀಟರ್ ಅದೇ ಕವಾಟದ ಮೂಲಕ ಹೊರಬೀಳಬೇಕಲ್ಲವೆ? ಅಂದರೆ ನಿಮಿಷಕ್ಕೆ 90 ಲೀಟರಿಗೂ ಹೆಚ್ಚು! ಕವಾಟದ ಅಳತೆಗೆ ಇದೇ ಆಧಾರ.

ಹರಿವು ಇಮ್ಮಡಿಯಾದರೆ ಅದೇ ಕಿಂಡಿಯಲ್ಲಿ ಒತ್ತಡದ ನಷ್ಟ ಸುಮಾರು ನಾಲ್ಮಡಿಯಾಗುತ್ತದೆ. ಹಾಗೆ ನಷ್ಟವಾದ ಶಕ್ತಿ ಶಾಖವಾಗುತ್ತದೆ. ಕವಾಟ ಕಿರಿದಾದಲ್ಲಿ ಎಣ್ಣೆ ಕಾದು ತೆಳುವಾಗುತ್ತದೆ. ಸೋರಿಕೆ ತಡೆಯುವ ರಬ್ಬರ್ ಬಳೆಗಳು ಬೇಗ ಕೆಡುತ್ತವೆ. ಅತಿ ದೊಡ್ಡದಾದಲ್ಲಿ ಹಿಡಿಯನ್ನು ಕೊಂಚ ತಳ್ಳಿದರೂ ತೋಳು ಧಡಕ್ಕನೆ ಎರಗೀತು. ಹತ್ತಿರ ನಿಂತ ಕೆಲಸಗಾರನ ಪ್ರಾಣಕ್ಕೇ ಅಪಾಯ.

ಆದುದರಿಂದ ಒಳಬರುವ ಎಣ್ಣೆಯ ಜೊತೆಗೆ ಹೊರಹೋಗುವ ಎಣ್ಣೆಯನ್ನೂ ಲೆಕ್ಕಕ್ಕೆ ಹಿಡಿದು ಕವಾಟವನ್ನು ಆರಿಸುವುದೇ ಜಾಣತನ.