ಮೊದಲ ಕಾಂಬ್ಯಾಟ್ ರೋಬೋಟ್: ಇಎಸ್‌ಸಿ ಆರಿಸೋದು ಹೇಗೆ?

ಪುಣೆಯ ಫ್ಲಾಟ್‌ನಲ್ಲಿ ನಾನು ಕಟ್ಟಿದ ಮೊದಲ ರೋಬೋಟ್, ಎದುರಾಳಿ ಮುಟ್ಟೋ ಮುಂಚೇನೇ ಕೆಟ್ಟು ನಿಂತಿತು. ಗೋಡೆಗೆ ಒತ್ತಿಕೊಂಡು ಚಕ್ರ ಸಿಕ್ಕಿಹಾಕಿಕೊಂಡಾಗ ಇಎಸ್‌ಸಿ, ಅಂದರೆ ಮೋಟರ್ ವೇಗ ನಿಯಂತ್ರಿಸೋ ಬೋರ್ಡ್, ಸುಟ್ಟುಹೋಯ್ತು. ತಪ್ಪು ನನ್ನದೇ. ಮೋಟರ್ ಸುಮ್ಮನೆ ತಿರುಗುವಾಗಿನ ಕರೆಂಟ್ ನೋಡಿ ಬೋರ್ಡ್ ಕೊಂಡಿದ್ದೆ. ಮೋಟರ್ ತಿರುಗದೆ ನಿಂತಾಗ ಎಳೆಯೋ ಸ್ಟಾಲ್ ಕರೆಂಟ್ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಹಾಗಾಗಿ ಮೊದಲು ಮೋಟರ್ ಆರಿಸಿ, ಅದರ ಸ್ಟಾಲ್ ಕರೆಂಟ್ ತಡೆಯೋ ಇಎಸ್‌ಸಿ ತಗೊಳ್ಳಿ, ಆಮೇಲೆ ಬ್ಯಾಟರಿ. 3ಎಸ್ ಲೈಪೋ ಮೇಲೆ 11.1 ವೋಲ್ಟ್ ಅಂತ ಬರೆದಿದ್ರೂ ಪೂರ್ತಿ ಚಾರ್ಜ್ ಆದಾಗ 12.6 ಇರುತ್ತೆ; ಬೋರ್ಡ್ ಅದನ್ನೂ ತಾಳಬೇಕು.

ಕೊನೆಗೆ ಫೇಲ್‌ಸೇಫ್. ಆಯುಧ ಬಿಚ್ಚಿಟ್ಟು, ಚಕ್ರ ಮೇಲೆತ್ತಿ, ಓಡ್ತಿರುವಾಗಲೇ ರಿಮೋಟ್ ಆಫ್ ಮಾಡಿ. ಎಲ್ಲಾ ಮೋಟರ್ ನಿಲ್ಲಲಿಲ್ಲ ಅಂದ್ರೆ ಬ್ಲೇಡ್ ಹಾಕಲೇಬೇಡಿ. ಬೋರ್ಡ್ ಮತ್ತೆ ಕೊಳ್ಳಬಹುದು, ಬೆರಳು ಸಿಗಲ್ಲ.