ತೆರೆಯ ಮೇಲಿನ ಊರು: ದೈವದ ನುಡಿ, ಮನುಷ್ಯರ ಹೊಣೆ

ನೇಮ, ಕೋಲ, ಕಂಬಳಗಳಿಗೆ ರಜೆ ಹೊಂದಿಸಿಕೊಂಡು ಊರಿಗೆ ಹೊರಡುವ ಮುಂಬಯಿಯ ತುಳು-ಕನ್ನಡಿಗರಿಗೆ ಕರಾವಳಿಯ ಚಲನಚಿತ್ರವೆಂದರೆ ಬರೀ ಮನೋರಂಜನೆಯಲ್ಲ. ತೆರೆಯ ಮೇಲೆ ಕಾಣುವುದು ಅವರದೇ ಮನೆಯಂಗಳ, ಅವರದೇ ನಂಬಿಕೆ. ಆದ್ದರಿಂದಲೇ ಇತ್ತೀಚಿನ ಕರಾವಳಿ ಚಿತ್ರಗಳನ್ನು ಅಭಿಮಾನದ ಜತೆಗೆ ವಿಮರ್ಶೆಯ ಕಣ್ಣಿನಿಂದಲೂ ನೋಡಬೇಕಾದ ಅಗತ್ಯವಿದೆ.

2022ರ ಸೆಪ್ಟೆಂಬರ್ 30ರಂದು ತೆರೆಕಂಡ ರಿಷಬ್ ಶೆಟ್ಟಿಯವರ 'ಕಾಂತಾರ' ಎರಡೇ ವಾರಗಳಲ್ಲಿ ಹಿಂದಿಗೂ ಡಬ್ ಆಗಿ ಪರಭಾಷಿಕರ ಮನೆಮಾತಾಯಿತು. ಇದರ ಅಭಿನಯಕ್ಕಾಗಿ ರಿಷಬ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರ ಪ್ರಶಸ್ತಿಯೂ ಸಂದಿತು. ಅರಸನೊಬ್ಬ ದೈವದ ಕಲ್ಲನ್ನು ಪಡೆದು ಜನರಿಗೆ ಬಿಟ್ಟುಕೊಟ್ಟ ಭೂಮಿಯನ್ನು ಅವನ ವಂಶದವರು ಮರಳಿ ಬಯಸುವುದೇ ಕಥೆಯ ಬೇರು. ಅರವಿಂದ ಕಶ್ಯಪ್ ಅವರ ಛಾಯಾಗ್ರಹಣ, ಅಜನೀಶ್ ಲೋಕನಾಥ್ ಅವರ ಸಂಗೀತ, ಕೊನೆಯ ಇಪ್ಪತ್ತು ನಿಮಿಷಗಳ ರಿಷಬ್ ಅಭಿನಯ ಮರೆಯುವಂಥದ್ದಲ್ಲ.

ಆದರೆ ಕಥೆ ಎತ್ತಿದ ಪ್ರಶ್ನೆ ದೊಡ್ಡದು. ಕಾಡಂಚಿನ ಜನರ ಭೂಮಿಯ ಹಕ್ಕೇನು? ಅರಣ್ಯ ಇಲಾಖೆಯ ಗಡಿ ಎಲ್ಲಿ ನಿಲ್ಲಬೇಕು? ಕೊನೆಯಲ್ಲಿ ದೈವವು ಅಧಿಕಾರಿಯ ಕೈಯನ್ನೂ ಊರವರ ಕೈಗಳನ್ನೂ ಒಟ್ಟುಗೂಡಿಸುತ್ತದೆ. ದೃಶ್ಯ ರೋಮಾಂಚನಗೊಳಿಸುತ್ತದೆ, ಪ್ರಶ್ನೆ ಮಾತ್ರ ಅಲ್ಲೇ ಉಳಿಯುತ್ತದೆ. ನಾಯಕ ಶಿವ ಲೀಲಾಳ ಸೊಂಟ ಚಿವುಟುವುದನ್ನು ಸರಸವೆಂಬಂತೆ ತೋರಿಸಿದ್ದೂ ಚಿತ್ರದ ಘನತೆಗೆ ತಕ್ಕುದಾಗಿರಲಿಲ್ಲ.

2025ರ ಅಕ್ಟೋಬರ್ 2ರಂದು ಬಂದ 'ಕಾಂತಾರ: ಅಧ್ಯಾಯ 1' ಕಥೆಯನ್ನು ಕದಂಬರ ಕಾಲಕ್ಕೆ ಒಯ್ದಿತು. ಅರಮನೆ, ಬಂದರು, ಕಾಳಗ ಎಲ್ಲವೂ ದೊಡ್ಡದು. ಆದರೆ ಮೊದಲ ಚಿತ್ರದಲ್ಲಿದ್ದ ಊರ ಮಂದಿಯ ಜಗಳ, ತಮಾಷೆ, ಮುನಿಸು ಈ ವೈಭವದಲ್ಲಿ ಬಹುಮಟ್ಟಿಗೆ ಮರೆಯಾಗಿದೆ. ಚಿತ್ರಮಂದಿರಗಳಲ್ಲಿ ಕೆಲವರು ದೈವದ ಅನುಕರಣೆಗಿಳಿದಾಗ, ಹಾಗೆ ಮಾಡಬೇಡಿ ಎಂದು ಚಿತ್ರ ತಂಡವೇ ವಿನಂತಿಸಬೇಕಾಯಿತು. ಆರಾಧನೆಯು ದೃಶ್ಯವೈಭವವಾಗಿ ಊರು ದಾಟಿದರೆ ಅದರ ಕಟ್ಟುಪಾಡುಗಳು ಜತೆಗೆ ಹೋಗುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಇದಕ್ಕೆ ಎರಡೇ ತಿಂಗಳ ಹಿಂದೆ, 2025ರ ಜುಲೈ 25ರಂದು ಬಿಡುಗಡೆಯಾದ 'ಸು ಫ್ರಂ ಸೋ' ಬೇರೆಯೇ ದಾರಿ ಹಿಡಿದಿತ್ತು. ರಂಗಭೂಮಿಯಿಂದ ಬಂದ ಜೆ.ಪಿ. ತುಮಿನಾಡು ನಿರ್ದೇಶಿಸಿ, ಅಶೋಕನ ಪಾತ್ರವನ್ನೂ ನಿರ್ವಹಿಸಿದ್ದಾರೆ. ನಿರ್ಮಾಪಕರಲ್ಲಿ ಒಬ್ಬರಾದ ರಾಜ್ ಬಿ. ಶೆಟ್ಟಿ ಕರುಣಾಕರ ಗುರೂಜಿಯಾಗಿ ನಗಿಸುತ್ತಾರೆ. ಹುಡುಗಿಯ ಬಚ್ಚಲಿಗೆ ಇಣುಕಿ ಸಿಕ್ಕಿಬಿದ್ದ ಅಶೋಕ, ಏಟಿನಿಂದ ಪಾರಾಗಲು ಮೈಮೇಲೆ ಪ್ರೇತ ಬಂದವನಂತೆ ನಟಿಸುತ್ತಾನೆ. ಅದು ಸೋಮೇಶ್ವರದ ಸುಲೋಚನಳ ಪ್ರೇತವೆಂದು ಊರೇ ನಂಬುತ್ತದೆ.

ಇಲ್ಲಿ ತಾರೆಯರ ಅಬ್ಬರವಿಲ್ಲ. ಶನೀಲ್ ಗೌತಮ್ ಅವರ ರವಿ ಅಣ್ಣನಂಥವರು ಪ್ರತಿಯೊಂದು ಊರಿನಲ್ಲೂ ಇದ್ದಾರೆ. ಕಲಾವಿದರ ಕರಾವಳಿಯ ಕನ್ನಡ ಗೇಲಿಗಾಗಿ ಬಳಸಿದ್ದಲ್ಲ, ಆಡುವ ಮಾತೇ ಅದು. ಸುಲೋಚನಳ ಮಗಳು ಭಾನು ಕಾಣಿಸಿಕೊಂಡ ಮೇಲೆ ನಗು ಗಂಭೀರವಾಗುತ್ತದೆ. ಇಲ್ಲದ ಪ್ರೇತಕ್ಕೆ ಹೆದರಿದ ಊರು, ಕಣ್ಣೆದುರಿನ ಹೆಣ್ಣಿನ ಕಷ್ಟವನ್ನು ಗಮನಿಸಿತೇ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ದೈವ ಬಂದು ಉತ್ತರಿಸುವುದಿಲ್ಲ, ಮನುಷ್ಯರೇ ಉತ್ತರಿಸಬೇಕು.

ಲೋಪಗಳು ಇಲ್ಲಿಯೂ ಇವೆ. ಭಾನುವಿನ ನೋವು ಚಿತ್ರದ ತಿರುಳಾದರೂ ಆಕೆಗೆ ಸಿಕ್ಕ ಮಾತು, ಅವಕಾಶ ಕಡಿಮೆ. ಎಲ್ಲಕ್ಕೂ ಮೂಲವಾದ ಅಶೋಕನ ಇಣುಕುವಿಕೆಯನ್ನು ಚಿತ್ರ ತೀರಾ ಸಲೀಸಾಗಿ ಕ್ಷಮಿಸಿಬಿಡುತ್ತದೆ. ಗಂಡಸರ ಹಾಸ್ಯಕ್ಕೆ ಕೊಟ್ಟ ಸಮಯದ ಕಾಲುಭಾಗ ಭಾನುವಿಗೆ ಸಿಕ್ಕಿದ್ದರೂ ಚಿತ್ರ ಇನ್ನಷ್ಟು ಎತ್ತರಕ್ಕೇರುತ್ತಿತ್ತು.

ಈ ಚಿತ್ರಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿದರೆ ತಿಳಿಯುವುದಿಷ್ಟು: 'ಕಾಂತಾರ' ಕರಾವಳಿಯ ನಂಬಿಕೆಯನ್ನು ದೇಶಕ್ಕೆ ಪರಿಚಯಿಸಿತು, 'ಸು ಫ್ರಂ ಸೋ' ಅಲ್ಲಿ ಬದುಕುವ ಜನರನ್ನು ಪರಿಚಯಿಸಿತು. ಮುಂಬಯಿಯಲ್ಲಿ ಹುಟ್ಟಿ ಬೆಳೆದು, ವರ್ಷಕ್ಕೊಮ್ಮೆ ಊರು ಕಾಣುವ ಮಕ್ಕಳಿಗೆ ಎರಡೂ ಬೇಕು. ದೈವದ ಅಬ್ಬರವೊಂದೇ ಮನದಲ್ಲಿ ಉಳಿದು, ಊರೆಂದರೆ ಕತ್ತಿ, ಬೆಂಕಿ, ಕೂಗು ಮಾತ್ರವೆಂಬ ಭಾವನೆ ಅವರಲ್ಲಿ ಬೆಳೆಯಬಾರದು. ಹಿಂದಿ ಅವತರಣಿಕೆ ಸುಲಭವಾಗಿ ಸಿಕ್ಕರೂ, ಹಿರಿಯರು ಮನೆಯ ಮಕ್ಕಳನ್ನು ಕನ್ನಡದ ಪ್ರದರ್ಶನಕ್ಕೇ ಕರೆದೊಯ್ದು, ಅರ್ಥವಾಗದ ಮಾತನ್ನು ಬಿಡಿಸಿ ಹೇಳಿದರೆ ಚಿತ್ರ ಮುಗಿದ ಮೇಲೂ ಊರಿನ ಮಾತು ಮನೆಯಲ್ಲಿ ಮುಂದುವರಿದೀತು.